ವಿಕಾಸಾತ್ಮಕ ಗಣನವಿಧಿಗಳ ಪ್ರಯೋಗಪರೀಕ್ಷೆ: ಒಂದು ವಿಮರ್ಶೆ

೧

ಯಾವ ಶಾಸ್ತ್ರದಲ್ಲಾದರೂ ಪ್ರಮೇಯವನ್ನು ಸ್ಥಾಪಿಸುವವನ ಕೆಲಸಕ್ಕಿಂತ ಪ್ರಮಾಣವನ್ನು ಕೇಳುವವನ ಕೆಲಸವು ಸುಲಭವಾದುದು. ಆದರೆ ಅಷ್ಟರಿಂದಲೇ ಅದು ಅನಾವಶ್ಯಕವಾದುದೆಂದು ಹೇಳಲಾಗದು. ಈ ಮಾತನ್ನು ಮೊದಲೇ ಹೇಳಿಕೊಳ್ಳುವುದಕ್ಕೆ ಕಾರಣವುಂಟು. ಪ್ರಕೃತ ವಿಷಯವು ಗಣಕಯಂತ್ರಶಾಸ್ತ್ರಕ್ಕೆ ಸೇರಿದುದು. ಬರೆಯುತ್ತಿರುವವನಾದರೋ ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕವ್ಯಾಕರಣಗಳನ್ನು ಓದಿ, ಅವನ್ನೇ ಪಾಠ ಹೇಳುತ್ತ ಐವತ್ತು ವರ್ಷಗಳನ್ನು ದಾಟಿದವನು. ಪರಕ್ಷೇತ್ರಪ್ರವೇಶದ ದೋಷವನ್ನು ವಾಚಕಮಹಾಶಯರು ಕ್ಷಮಿಸುವರೆಂದು ನಂಬಿರುತ್ತೇನೆ.

ಸಂದರ್ಭವು ಹೀಗಿದೆ. ನನ್ನಲ್ಲಿ ಕೆಲವು ವರ್ಷ ತರ್ಕವನ್ನು ಓದಿ ಬಳಿಕ ಯಂತ್ರಶಾಸ್ತ್ರದ ಕಡೆಗೆ ಹೋದ ಶಿಷ್ಯನೊಬ್ಬನು ತಾನು ಬರೆದ ಪ್ರಬಂಧವನ್ನು ತಂದು ತೋರಿಸಿದನು. ಅದರಲ್ಲಿ ಹಕ್ಕಿಯೊಂದರ ಹೆಸರಿನ ಹೊಸ ಗಣನವಿಧಿಯು ಪ್ರತಿಪಾದಿತವಾಗಿತ್ತು. ಪುಟಪುಟಕ್ಕೂ ಅಂಕಿಗಳ ಕೋಷ್ಟಕಗಳಿದ್ದವು. ಎಲ್ಲದರಲ್ಲಿಯೂ ಅವನ ವಿಧಿಯೇ ಮೊದಲನೆಯದಾಗಿತ್ತು. ಅರ್ಥವಾಗದಿದ್ದರೂ ಅಭ್ಯಾಸಬಲದಿಂದ ಒಂದು ಪ್ರಶ್ನೆಯನ್ನು ಕೇಳಿದೆನು: “ಇದನ್ನು ಎಲ್ಲಕ್ಕಿಂತಲೂ ಸರಳವಾದ ವಿಧಿಯೊಡನೆ ಹೋಲಿಸಿ ನೋಡಿದೆಯಾ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಿದೆನು, ಆ ಸಾಲನ್ನು ಕೋಷ್ಟಕದಲ್ಲಿ ಸೇರಿಸಿಲ್ಲ” ಎಂದನು. ಏಕೆಂದು ಕೇಳಲು, “ಅದು ನನ್ನ ವಿಧಿಯನ್ನು ಗೆದ್ದಿತು” ಎಂದನು.

ಆ ಸಾಲನ್ನು ಸೇರಿಸಬೇಕೋ ಬಿಡಬೇಕೋ ಎಂಬುದು ಬರಿಯ ನೀತಿಯ ಪ್ರಶ್ನೆಯೆಂದು ಮೊದಲು ತೋರಿತು. ಅವನು ಕೊಟ್ಟ ಗ್ರಂಥಪ್ರಬಂಧಗಳನ್ನು ಅವನ ಸಹಾಯದಿಂದಲೇ ಕೆಲವು ತಿಂಗಳು ಓದಿದ ಮೇಲೆ, ಅದು ನೀತಿಗಿಂತ ಹೆಚ್ಚಾಗಿ ಜ್ಞಾನದ ಪ್ರಶ್ನೆಯೆಂದು ತಿಳಿಯಿತು. ಬಿಟ್ಟುಹೋದ ಆ ಒಂದು ಸಾಲಿನಲ್ಲಿಯೇ ಪ್ರಬಂಧದ ಸಾರವು ಅಡಗಿದ್ದಿತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶವು.

೨

ಮೊದಲು ವಿಷಯಪರಿಚಯವು ಅವಶ್ಯಕವು. ಅನೇಕ ಪಕ್ಷಗಳಲ್ಲಿ ಅತ್ಯುತ್ತಮವಾದ ಒಂದನ್ನು ಆರಿಸುವುದು ‘ಶ್ರೇಷ್ಠನಿರ್ಣಯ’ವೆನಿಸುತ್ತದೆ. ವರ್ತಕನೊಬ್ಬನು ೨೦ ಊರುಗಳಿಗೆ ಒಂದೊಂದು ಸಲ ಹೋಗಿ ಮನೆಗೆ ಮರಳಬೇಕಾದರೆ ಅತಿ ಹ್ರಸ್ವವಾದ ದಾರಿ ಯಾವುದು? ಪ್ರಶ್ನೆಯು ಮಕ್ಕಳಿಗೂ ತಿಳಿಯುವಂತಹುದು. ಆದರೆ ಸಾಧ್ಯವಾದ ದಾರಿಗಳು ಆರುನೂರು ಕೋಟಿ ಕೋಟಿಗೂ ಮಿಕ್ಕಿವೆ. ಎಲ್ಲವನ್ನೂ ಒಂದೊಂದಾಗಿ ಅಳೆದು ನೋಡುವುದು ಇಂತಹ ಕಡೆಗಳಲ್ಲಿ ಬೇಗನೆ ಅಸಾಧ್ಯವಾಗುತ್ತದೆ. ಆದುದರಿಂದ ಎಲ್ಲವನ್ನೂ ನೋಡದೆ ಒಳ್ಳೆಯದನ್ನು ಹುಡುಕುವ ಉಪಾಯಗಳು ಬೇಕಾದವು. ಅವುಗಳಲ್ಲಿ ಜೀವಿಗಳ ವಿಕಾಸಕ್ರಮವನ್ನು ಅನುಕರಿಸುವವು ವಿಕಾಸಾತ್ಮಕ ಗಣನವಿಧಿಗಳು.

೧೯೬೪ರಲ್ಲಿ ಬರ್ಲಿನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇಂಗೊ ರೆಖೆನ್‌ಬರ್ಗ್ ಎಂಬವರು ಮಾಡಿದ ಪ್ರಯೋಗವು ಈ ಮಾರ್ಗದ ಆದಿಯಲ್ಲಿರುವುದು. ಆರು ತಗಡುಗಳನ್ನು ಐದು ಕೀಲುಗಳಿಂದ ಸೇರಿಸಿ ಗಾಳಿಯ ಸುರಂಗದಲ್ಲಿ ನಿಲ್ಲಿಸಿದರು. ಒಂದೊಂದು ಕೀಲನ್ನೂ ೫೧ ಕೋನಗಳಲ್ಲಿ ನಿಲ್ಲಿಸಬಹುದಾಗಿತ್ತು. ಒಟ್ಟು ಆಕಾರಗಳು ೩೪,೫೦,೨೫,೨೫೧. ಗಾಳಿಗೆ ಅತ್ಯಲ್ಪ ಪ್ರತಿರೋಧವನ್ನು ಕೊಡುವ ಆಕಾರವು ಯಾವುದೆಂಬುದು ಪ್ರಶ್ನೆ. ಅಂಕುಡೊಂಕಾದ ಆಕಾರದಿಂದ ಪ್ರಾರಂಭಿಸಿ, ಯಾದೃಚ್ಛಿಕವಾಗಿ ಕೀಲುಗಳನ್ನು ಕೊಂಚ ಕೊಂಚ ಬದಲಾಯಿಸುತ್ತ, ಮೊದಲಿಗಿಂತ ಒಳ್ಳೆಯದಾದರೆ ಉಳಿಸಿಕೊಳ್ಳುತ್ತ, ಅಲ್ಲವಾದರೆ ತ್ಯಜಿಸುತ್ತ ಹೋದರು. ಕೊನೆಗೆ ತಗಡು ಬಹುಮಟ್ಟಿಗೆ ನೆಟ್ಟಗೆ ಚಪ್ಪಟೆಯಾಯಿತು. ಚಪ್ಪಟೆಯಾದುದೇ ಉತ್ತಮವೆಂಬುದು ಮೊದಲೇ ತಿಳಿದಿದ್ದ ವಿಷಯವು. ಉತ್ತರವು ಗೊತ್ತಿದ್ದ ಪ್ರಶ್ನೆಯನ್ನು ಆರಿಸಿದುದೇ ಆ ಪ್ರಯೋಗದ ಗುಣವು. ಏಕೆಂದರೆ ವಿಧಿಯು ತಪ್ಪಿದ್ದರೆ ತಪ್ಪಿತೆಂದು ಎಲ್ಲರಿಗೂ ಕಾಣುತ್ತಿದ್ದಿತು.

ಅಮೆರಿಕ ದೇಶದ ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಹಾಲಂಡ್ ಎಂಬವರು ೧೯೭೫ರ ತಮ್ಮ ಗ್ರಂಥದಲ್ಲಿ ಇನ್ನೊಂದು ಮಾರ್ಗವನ್ನು ವಿಸ್ತರಿಸಿದರು. ಇಲ್ಲಿ ಸೊನ್ನೆ ಮತ್ತು ಒಂದು ಎಂಬ ಅಂಕಿಗಳ ಸರಗಳೇ ವ್ಯಕ್ತಿಗಳು. ಅಂತಹ ಅನೇಕ ವ್ಯಕ್ತಿಗಳ ಸಮುದಾಯದಲ್ಲಿ ಯೋಗ್ಯವಾದವುಗಳಿಗೆ ಹೆಚ್ಚು ಸಂತಾನವನ್ನು ಕೊಡುವುದು ‘ವರಣ’; ಎರಡು ಸರಗಳನ್ನು ಕತ್ತರಿಸಿ ಒಂದರ ತಲೆಗೆ ಇನ್ನೊಂದರ ಬಾಲವನ್ನು ಸೇರಿಸುವುದು ‘ಸಂಕರ’; ಅಪರೂಪವಾಗಿ ಒಂದು ಅಂಕಿಯನ್ನು ತಿರುಗಿಸುವುದು ‘ವಿಕೃತಿ’. ಒಳ್ಳೆಯ ಚಿಕ್ಕ ಭಾಗಗಳು ಬೇರೆ ಬೇರೆ ವ್ಯಕ್ತಿಗಳಲ್ಲಿ ಹುಟ್ಟಿ, ಸಂಕರದ ಮೂಲಕ ಒಂದೆಡೆ ಕೂಡಿ, ಒಳ್ಳೆಯ ದೊಡ್ಡ ಭಾಗಗಳಾಗುವುವೆಂಬುದು ಈ ಮಾರ್ಗದವರ ಮುಖ್ಯ ಸಿದ್ಧಾಂತವು.

ಈ ವಿಧಿಗಳು ಯಾದೃಚ್ಛಿಕವಾದುದರಿಂದಲೂ ಇವುಗಳ ಗತಿಯನ್ನು ಗಣಿತದಿಂದ ಸಾಧಿಸುವುದು ಸರಳ ಸಂದರ್ಭಗಳಲ್ಲಿ ಮಾತ್ರ ಸಾಧ್ಯವಾಗಿರುವುದರಿಂದಲೂ, ಇವುಗಳ ಬಲಾಬಲವನ್ನು ಪ್ರಯೋಗದಿಂದಲೇ ಹೆಚ್ಚಾಗಿ ತಿಳಿಯಬೇಕಾಗಿದೆ. ಆದುದರಿಂದ ಪ್ರಯೋಗವು ಪ್ರಮಾಣವಾಗಬೇಕಾದರೆ ಹೇಗಿರಬೇಕೆಂಬ ವಿಚಾರವು ಪ್ರಾಪ್ತವಾಗುತ್ತದೆ.

೩

ಹತ್ತು ಸಮಸ್ಯೆಗಳಲ್ಲಿ ಗೆದ್ದ ವಿಧಿಯು ಹನ್ನೊಂದನೆಯದರಲ್ಲಿಯೂ ಗೆಲ್ಲುವುದೆಂಬುದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ನಮ್ಮಲ್ಲಿ ಇದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಹೆಸರು. ಪಾತ್ರೆಯಿಂದ ಒಂದು ಅಗುಳನ್ನು ತೆಗೆದು ಹಿಸುಕಿ ನೋಡಿ, ಅನ್ನವೆಲ್ಲ ಬೆಂದಿತೆಂದು ಗೃಹಿಣಿಯು ನಿಶ್ಚಯಿಸುತ್ತಾಳೆ. ಆ ನಿಶ್ಚಯವು ಸಾಧುವೇ. ಏಕೆಂದರೆ ಅಗುಳುಗಳೆಲ್ಲವೂ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಒಂದೇ ಬೆಂಕಿಯ ಮೇಲೆ ಇದ್ದವು. ನೆರೆಮನೆಯ ಪಾತ್ರೆಯ ಅನ್ನವೂ ಬೆಂದಿತೆಂದು ಅದೇ ಅಗುಳಿನಿಂದ ಹೇಳುವವಳು ಇದ್ದರೆ ಅವಳನ್ನು ಯಾರೂ ನಂಬಲಾರರು. ಪರೀಕ್ಷೆಗೆ ತೆಗೆದುಕೊಂಡ ಸಮಸ್ಯೆಗಳೂ ಲೋಕದ ಸಮಸ್ಯೆಗಳೂ ಒಂದೇ ಪಾತ್ರೆಯ ಅಗುಳುಗಳೇ ಎಂಬುದು ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯು.

೧೯೯೭ರಲ್ಲಿ ಡೇವಿಡ್ ವೋಲ್ಪರ್ಟ್ ಮತ್ತು ವಿಲಿಯಂ ಮೆಕ್ರೆಡಿ ಎಂಬವರು ಇದಕ್ಕೆ ಗಣಿತದ ರೂಪವನ್ನು ಕೊಟ್ಟರು. ಸಾಂತವಾದ ಕ್ಷೇತ್ರದಲ್ಲಿ ಸಂಭವಿಸಬಹುದಾದ ಸಕಲ ಸಮಸ್ಯೆಗಳ ಮೇಲೆ ಸರಾಸರಿಯನ್ನು ತೆಗೆದರೆ, ನೋಡಿದ ಸ್ಥಳವನ್ನೇ ಮತ್ತೆ ನೋಡದ ಯಾವ ಎರಡು ವಿಧಿಗಳೂ ಸಮಾನವೆಂದು ಅವರು ಸಾಧಿಸಿದರು. ಇದರಿಂದ ಎಲ್ಲ ವಿಧಿಗಳೂ ವ್ಯರ್ಥವೆಂದು ತಿಳಿಯತಕ್ಕುದಲ್ಲ. ಲೋಕದಲ್ಲಿ ನಮಗೆ ಎದುರಾಗುವ ಸಮಸ್ಯೆಗಳು ಸಕಲ ಸಮಸ್ಯೆಗಳಲ್ಲ, ಅವುಗಳಲ್ಲಿ ಒಂದಲ್ಲ ಒಂದು ಕ್ರಮವಿರುತ್ತದೆ. ಆದರೆ “ಈ ವಿಧಿಯು ಉತ್ತಮವು” ಎಂಬ ನಿರ್ವಿಶೇಷವಾದ ಪ್ರತಿಜ್ಞೆಗೆ ಅರ್ಥವಿಲ್ಲವೆಂಬುದು ಮಾತ್ರ ಇದರಿಂದ ಸಿದ್ಧವಾಯಿತು. ಯಾವ ಪಾತ್ರೆಯಲ್ಲಿ ಉತ್ತಮವೆಂದು ಹೇಳಿದರೆ ಮಾತ್ರ ಪ್ರತಿಜ್ಞೆಯು ಪೂರ್ಣವಾಗುತ್ತದೆ.

ಈಗ ಒರೆಗಲ್ಲುಗಳನ್ನು ನೋಡೋಣ. ಕೆನೆತ್ ಡಿ ಜಾಂಗ್ ಎಂಬವರು ೧೯೭೫ರ ತಮ್ಮ ಪ್ರೌಢಪ್ರಬಂಧದಲ್ಲಿ ಐದು ಫಲನಗಳನ್ನು ಪರೀಕ್ಷೆಗಾಗಿ ಆರಿಸಿದರು. ಒಂದು ಬೋಗುಣಿಯಂತೆ ನುಣುಪಾದುದು, ಒಂದು ಬಾಗಿದ ಕಣಿವೆಯಂತಹುದು, ಒಂದು ಮೆಟ್ಟಿಲುಗಳಂತಹುದು, ಒಂದು ಗದ್ದಲದಿಂದ ಕೂಡಿದುದು, ಒಂದು ೨೫ ಕುಳಿಗಳುಳ್ಳದು. ಬೇರೆ ಬೇರೆ ಕಷ್ಟಗಳನ್ನು ಬೇರೆ ಬೇರೆಯಾಗಿ ತೋರಿಸಬೇಕೆಂಬುದು ಅವರ ಉದ್ದೇಶವಾಗಿತ್ತು, ಅದು ಶ್ಲಾಘ್ಯವಾದುದು. ಆದರೆ ಬಳಿಕ ಬಂದವರು ಇವನ್ನೂ ಇವುಗಳಂತಹ ಇನ್ನು ಕೆಲವನ್ನೂ ಶಾಶ್ವತವಾದ ಒರೆಗಲ್ಲುಗಳೆಂದು ಭಾವಿಸಿ, ಇವುಗಳಲ್ಲಿ ಗೆಲ್ಲುವುದೇ ಪುರುಷಾರ್ಥವೆಂದು ತಿಳಿದರು.

ಇಂತಹ ಫಲನಗಳಲ್ಲಿ ಅನೇಕವು ‘ವಿಭಾಜ್ಯ’ವಾದವು, ಎಂದರೆ ಒಂದೊಂದು ಚರರಾಶಿಯನ್ನೂ ಇತರ ರಾಶಿಗಳ ಗೊಡವೆಯಿಲ್ಲದೆ ಪ್ರತ್ಯೇಕವಾಗಿ ಸರಿಪಡಿಸಿದರೆ ಉತ್ತರವು ದೊರೆಯುವುದು. ಮೂವತ್ತು ರಾಶಿಗಳ ಸಮಸ್ಯೆಯೆಂದು ಹೇಳಿಕೊಂಡರೂ ಅದು ಒಂದೊಂದು ರಾಶಿಯ ಮೂವತ್ತು ಚಿಕ್ಕ ಸಮಸ್ಯೆಗಳಷ್ಟೆ. ಡ್ಯಾರೆಲ್ ವಿಟ್ಲಿ ಮತ್ತು ಅವರ ಸಂಗಡಿಗರು ೧೯೯೬ರಲ್ಲಿ ಈ ದೋಷವನ್ನು ವಿಸ್ತಾರವಾಗಿ ಎತ್ತಿ ತೋರಿಸಿದರು. ಗ್ರೀವಾಂಕನ ಹೆಸರಿನ ಫಲನವು ರಾಶಿಗಳ ಸಂಖ್ಯೆ ಹೆಚ್ಚಿದಂತೆಲ್ಲ ಕಠಿನವಾಗುವುದಕ್ಕೆ ಬದಲಾಗಿ ಸುಲಭವಾಗುತ್ತ ಹೋಗುವುದೆಂಬುದನ್ನೂ ಅವರೇ ತೋರಿಸಿದರು. ಅದೇ ವರ್ಷ ರಾಲ್ಫ್ ಸಾಲೊಮನ್ ಎಂಬವರು ಇಂತಹ ಫಲನಗಳ ಅಕ್ಷಗಳನ್ನು ಸುಮ್ಮನೆ ತಿರುಗಿಸಿ ಪರೀಕ್ಷಿಸಿದರು. ಬೆಟ್ಟವು ಅದೇ, ಕಣಿವೆಯು ಅದೇ. ನೋಡುವ ದಿಕ್ಕು ಮಾತ್ರ ಬೇರೆ. ಅಷ್ಟಕ್ಕೇ, ಒಂದೊಂದಾಗಿ ರಾಶಿಗಳನ್ನು ವಿಕೃತಿಗೊಳಿಸುತ್ತಿದ್ದ ವಿಧಿಗಳ ಸಾಮರ್ಥ್ಯವು ಬಹಳವಾಗಿ ಕುಗ್ಗಿಹೋಯಿತು.

ತಾರ್ಕಿಕರು ಇದನ್ನು ಸೋಪಾಧಿಕ ಹೇತುವೆಂದು ಕೂಡಲೇ ಗುರುತಿಸುವರು. ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂದು ಅಡುಗೆಮನೆಯನ್ನು ನೋಡಿ ಹೇಳಿದವನು ಹಸಿಸೌದೆಯೆಂಬ ಉಪಾಧಿಯನ್ನು ಮರೆತಿರುತ್ತಾನೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇಲ್ಲಿ ಅಕ್ಷಗಳ ಅನುಕೂಲವೇ ಹಸಿಸೌದೆಯು. ತಿರುಗಿಸಿದ ಫಲನವೇ ಕಬ್ಬಿಣದ ಗುಂಡು. ಕಬ್ಬಿಣದ ಗುಂಡನ್ನು ತಾನೇ ಹುಡುಕಿ ತರುವವನು ನಿಜವಾದ ಪರೀಕ್ಷಕನು.

ನಾನೂ ಒಮ್ಮೆ ಈ ದೋಷಕ್ಕೆ ಗುರಿಯಾದವನೇ. ಮೊದಲು ಅಧ್ಯಾಪಕನಾದ ಕಾಲದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ಬಾಲಕರನ್ನು ಗ್ರಂಥಕ್ರಮದಲ್ಲಿಯೇ ಪರೀಕ್ಷಿಸಿ, ಎಲ್ಲರೂ ಕೋಶವನ್ನು ಬಲ್ಲರೆಂದು ಬರೆದುಕೊಟ್ಟಿದ್ದೆನು. ಬೇರೆ ಕಡೆಯಿಂದ ಬಂದ ವೃದ್ಧವಿದ್ವಾಂಸರೊಬ್ಬರು ನಡುವಿನಿಂದ ಒಂದು ಪದವನ್ನೆತ್ತಿ ಅದರ ಪರ್ಯಾಯಗಳನ್ನು ಕೇಳಿದರು. ಬಾಲಕರು ವರ್ಗದ ಆದಿಯಿಂದ ಮೆಲ್ಲಮೆಲ್ಲನೆ ಹೇಳಿಕೊಂಡು ಬಂದಲ್ಲದೆ ಉತ್ತರವನ್ನು ಕೊಡಲಾರದೆ ಹೋದರು. ಅವರಿಗೆ ತಿಳಿದಿದ್ದುದು ಕೋಶವಲ್ಲ, ಕೋಶದ ಕ್ರಮವು. ನಾನು ಪರೀಕ್ಷಿಸಿದ್ದುದೂ ಅದನ್ನೇ.

ಇನ್ನೊಂದು ಉಪಾಧಿಯು ಇದಕ್ಕಿಂತ ಸೂಕ್ಷ್ಮವಾದುದು. ಅನೇಕ ಒರೆಗಲ್ಲುಗಳಲ್ಲಿ ಸರಿಯಾದ ಉತ್ತರವು ಸೊನ್ನೆಯಲ್ಲಿ, ಎಂದರೆ ಕ್ಷೇತ್ರದ ನಟ್ಟನಡುವೆ ಇರುತ್ತದೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಸೊನ್ನೆಯ ಕಡೆಗೇ ಒಲಿಯುವಂತೆ ರಚಿತವಾದ ವಿಧಿಯು ಇಲ್ಲಿ ಆಶ್ಚರ್ಯಕರವಾಗಿ ಗೆಲ್ಲುವುದು. ಉತ್ತರದ ಸ್ಥಾನವನ್ನು ಪಕ್ಕಕ್ಕೆ ಸರಿಸಿದರೆ ಆ ಜಾಣತನವು ಮಾಯವಾಗುವುದು. ಪ್ರಸಿದ್ಧಿಗೆ ಬಂದ ಕೆಲವು ವಿಧಿಗಳಲ್ಲಿ ಈ ಪಕ್ಷಪಾತವಿರುವುದನ್ನು ಯಾಕುಬ್ ಕುದೇಲಾ ಎಂಬವರು ೨೦೨೨ರಲ್ಲಿ ಪ್ರಕಟಿಸಿದರು.

ನಮ್ಮ ದೇಶದ ಉದಾಹರಣೆಯೂ ಒಂದುಂಟು. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿದ್ದಾಗ ಕಲ್ಯಾಣ್ಮಯ್ ದೇಬ್ ಮಹಾಶಯರು ಶಿಷ್ಯರೊಡನೆ ೨೦೦೨ರಲ್ಲಿ ಪ್ರಕಟಿಸಿದ ಬಹೂದ್ದೇಶವಿಧಿಯು ಲೋಕಪ್ರಸಿದ್ಧವಾದುದು. ಅವರೂ ಎಕಾರ್ಟ್ ಝಿಟ್ಸ್ಲರ್ ಮತ್ತು ಲೋಥಾರ್ ಥೀಲೆ ಎಂಬವರೂ ಸೇರಿ ೨೦೦೦ದಲ್ಲಿ ಕೊಟ್ಟ ಪರೀಕ್ಷಾಸಮಸ್ಯೆಗಳಲ್ಲಿ ಹಲವದರಲ್ಲಿ, ಮೊದಲನೆಯ ರಾಶಿಯನ್ನು ಬಿಟ್ಟು ಉಳಿದುವೆಲ್ಲ ಸೊನ್ನೆಯಾದಾಗ, ಎಂದರೆ ಕ್ಷೇತ್ರದ ಬೇಲಿಯನ್ನು ಮುಟ್ಟಿದಾಗ, ಶ್ರೇಷ್ಠಫಲವು ದೊರೆಯುವುದು. ರಾಶಿಗಳು ಪರಸ್ಪರ ಹೆಣೆದುಕೊಂಡಿರುವ ಹೊಸ ಸಮಸ್ಯೆಗಳನ್ನು ೨೦೦೬ರಲ್ಲಿ ದೇಬ್ ಮಹಾಶಯರೇ ಬೇರೆ ಸಂಗಡಿಗರೊಡನೆ ಮುಂದಿಟ್ಟರು. ತಾವು ಕೊಟ್ಟ ಒರೆಗಲ್ಲಿಗಿಂತ ಕಠಿನವಾದುದನ್ನು ತಾವೇ ತಂದಿಡುವುದು ವಿದ್ವಲ್ಲಕ್ಷಣವು.

೪

ಎರಡನೆಯ ವಿಚಾರವು ಯದೃಚ್ಛೆಯನ್ನು ಕುರಿತುದು. ಮರವನ್ನು ಕೊರೆಯುವ ಹುಳುವು ಒಮ್ಮೊಮ್ಮೆ ಅಕ್ಷರದ ಆಕಾರವನ್ನು ಕೊರೆದುಬಿಡುತ್ತದೆ, ಅದಕ್ಕೆ ಘುಣಾಕ್ಷರನ್ಯಾಯವೆನ್ನುವರು. ಅದರಿಂದ ಹುಳುವಿಗೆ ಅಕ್ಷರಜ್ಞಾನವುಂಟೆಂದು ಯಾರೂ ಹೇಳರು. ವಿಕಾಸಾತ್ಮಕವಿಧಿಯ ಪ್ರತಿಯೊಂದು ಓಟವೂ ಯಾದೃಚ್ಛಿಕವಾದುದರಿಂದ, ಒಂದು ಓಟದ ಸತ್ಫಲವು ಘುಣಾಕ್ಷರವೋ ಲಿಪಿಯೋ ಎಂಬುದು ಆ ಒಂದು ಓಟದಿಂದ ತಿಳಿಯದು. ಅನೇಕಸಲ ಓಡಿಸಿ, ಸರಾಸರಿಯನ್ನಲ್ಲದೆ ಹರವನ್ನೂ ಹೇಳಿ, ಎರಡು ವಿಧಿಗಳ ಅಂತರವು ಆಕಸ್ಮಿಕವಲ್ಲವೆಂಬುದನ್ನು ಸಂಖ್ಯಾಶಾಸ್ತ್ರದಿಂದ ಸಾಧಿಸಬೇಕು.

ಸ್ಪರ್ಧಿಗಳ ಸಮತೆಯೂ ಹೀಗೆಯೇ ಮುಖ್ಯವಾದುದು. ಈ ವಿಧಿಗಳಲ್ಲಿ ಸಮುದಾಯದ ಪ್ರಮಾಣ, ವಿಕೃತಿಯ ಸಂಭವ ಮೊದಲಾದ ಹಲವು ತಿರುಪುಗಳಿರುತ್ತವೆ. ಸ್ವಂತ ವಿಧಿಯ ತಿರುಪುಗಳನ್ನು ವಾರಗಟ್ಟಲೆ ಸರಿಪಡಿಸಿ, ಎದುರಾಳಿಯದನ್ನು ಯಾವುದೋ ಹಳೆಯ ಗ್ರಂಥದಲ್ಲಿದ್ದಂತೆಯೇ ಇಟ್ಟು ಓಡಿಸಿದರೆ, ಗೆದ್ದುದು ವಿಧಿಯಲ್ಲ, ಸರಿಪಡಿಸಿದವನ ಶ್ರಮವು. ಕಾಲವನ್ನು ಗಡಿಯಾರದಿಂದ ಅಳೆದರೆ ಯಂತ್ರದ ವೇಗವೂ ಬರೆದವನ ಕೈಚಳಕವೂ ಲೆಕ್ಕದಲ್ಲಿ ಸೇರಿಕೊಳ್ಳುವುವು. ಆದುದರಿಂದ ಫಲನವನ್ನು ಎಷ್ಟು ಸಲ ಕೇಳಿ ನೋಡಲಾಯಿತೆಂಬ ಎಣಿಕೆಯೇ ಇಲ್ಲಿ ಹೆಚ್ಚು ನ್ಯಾಯವಾದ ಮಾನವು.

ಈ ಎಲ್ಲ ದೋಷಗಳನ್ನೂ ಮನಸ್ಸಿನಲ್ಲಿಟ್ಟು ನಿಕೊಲಾಸ್ ಹಾನ್ಸನ್ ಮೊದಲಾದವರು ೨೦೦೯ರಲ್ಲಿ ಒಂದು ಸಾಮಾನ್ಯ ಪರೀಕ್ಷಾವ್ಯವಸ್ಥೆಯನ್ನು ಏರ್ಪಡಿಸಿದರು. ಅದರಲ್ಲಿ ಗದ್ದಲವಿಲ್ಲದ ೨೪ ಫಲನಗಳಿವೆ. ಉತ್ತರದ ಸ್ಥಾನವನ್ನು ಸರಿಸಿ, ಅನೇಕ ಫಲನಗಳ ಅಕ್ಷಗಳನ್ನು ತಿರುಗಿಸಿ, ಎಲ್ಲರ ವಿಧಿಗಳನ್ನೂ ಒಂದೇ ಕ್ರಮದಲ್ಲಿ ಓಡಿಸಿ, ಗೊತ್ತಾದ ಗುರಿಯನ್ನು ಮುಟ್ಟಲು ಬೇಕಾದ ಎಣಿಕೆಯನ್ನು ದಾಖಲಿಸುವರು. ಕ್ರಮದಿಂದ ಹೇಳಿಸದೆ ನಡುವಿನಿಂದ ಕೇಳಿದ ಆ ವೃದ್ಧವಿದ್ವಾಂಸರ ನೆನಪು ಇಲ್ಲಿ ನನಗೆ ಬಂದಿತು.

೫

ಇಷ್ಟೆಲ್ಲವೂ ನೆರವೇರಿದ ಮೇಲೆಯೂ ಮೂರನೆಯದಾದ ಒಂದು ಪ್ರಶ್ನೆಯು ಉಳಿಯುತ್ತದೆ: ಗೆದ್ದುದು ಯಾವುದರಿಂದ? ಕಾರಣನಿಶ್ಚಯಕ್ಕೆ ಅನ್ವಯವ್ಯತಿರೇಕಗಳೆರಡೂ ಬೇಕು. ಅದು ಇದ್ದರೆ ಫಲವುಂಟೆಂದು ತೋರಿಸಿದರೆ ಸಾಲದು. ಅದಿಲ್ಲದಿದ್ದರೆ ಫಲವಿಲ್ಲವೆಂದೂ ತೋರಿಸಬೇಕು. ೧೯೯೫ರಲ್ಲಿ ಟೆರಿ ಜೋನ್ಸ್ ಎಂಬವರು ಇಂತಹ ವ್ಯತಿರೇಕಪರೀಕ್ಷೆಯೊಂದನ್ನು ಕಲ್ಪಿಸಿದರು. ಸಂಕರವೇ ವಿಧಿಯ ಬಲಕ್ಕೆ ಕಾರಣವೆಂದು ಹೇಳುವುದಾದರೆ, ಸಂಗಾತಿಯ ಸ್ಥಾನದಲ್ಲಿ ಸಮುದಾಯದ ಯೋಗ್ಯವ್ಯಕ್ತಿಯನ್ನು ಇಡದೆ, ಆಗತಾನೆ ಯಾದೃಚ್ಛಿಕವಾಗಿ ಹುಟ್ಟಿಸಿದ ವ್ಯಕ್ತಿಯೊಂದನ್ನು ಇಟ್ಟು ನೋಡಬೇಕು. ಆಗಲೂ ಫಲವು ಹಾಗೆಯೇ ಇದ್ದರೆ, ತಂದೆತಾಯಿಗಳ ಸದ್ಗುಣವು ಮಕ್ಕಳಿಗೆ ಸಂದಿತೆಂಬ ಮಾತು ಸುಳ್ಳು. ಸಂಕರವೆಂದು ಕರೆದುದು ದೊಡ್ಡದೊಂದು ವಿಕೃತಿಯಷ್ಟೆ. ಈ ಪರೀಕ್ಷೆಗೆ ಅವರು ‘ತಲೆಯಿಲ್ಲದ ಕೋಳಿ’ಯೆಂದು ಹೆಸರಿಟ್ಟಿರುವುದು ವಿನೋದವಾದರೂ ಪರೀಕ್ಷೆಯು ಗಂಭೀರವಾದುದು.

ಹೆಸರುಗಳ ಮಾತು ಬಂದುದರಿಂದ ಒಂದನ್ನು ಹೇಳಬೇಕಾಗಿದೆ. ಈಚಿನ ದಶಕಗಳಲ್ಲಿ ತೋಳ, ಬಾವಲಿ, ಮಿಂಚುಹುಳು, ತಿಮಿಂಗಿಲ ಎಂದು ಪ್ರಾಣಿಗಳ ಹೆಸರುಗಳಿಂದ ವಿಧಿಗಳ ಸಂತೆಯೇ ನೆರೆದಿರುವುದು. ೨೦೦೧ರಲ್ಲಿ ಸಂಗೀತಗಾರರ ಶ್ರುತಿಸಾಮರಸ್ಯದ ಹೆಸರಿನಿಂದ ಬಂದ ವಿಧಿಯು ಹಳೆಯ ವಿಕಾಸತಂತ್ರದ ಒಂದು ವಿಶೇಷರೂಪವೇ ಎಂದು ಡೆನಿಸ್ ವೇಲ್ಯಾಂಡ್ ೨೦೧೦ರಲ್ಲಿ ವಾದಿಸಿದರು. ಕೆನೆತ್ ಸೊರೆನ್ಸನ್ ೨೦೧೫ರಲ್ಲಿ ಈ ಉಪಮಾನವ್ಯಾಮೋಹವನ್ನೇ ಖಂಡಿಸಿದರು. ತೋಳ, ಮಿಂಚುಹುಳು, ಬಾವಲಿಗಳ ಮೂರು ವಿಧಿಗಳಲ್ಲಿಯೂ ನೂತನವಾದುದು ಯಾವುದೂ ಇಲ್ಲವೆಂದು ಕಮಾಚೋ, ಡೊರಿಗೊ, ಸ್ಟುಟ್ಸ್ಲ ಎಂಬ ಮೂವರು ೨೦೨೦ರಲ್ಲಿ ಬರೆದರು. ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ: ಉಪಮೆಯು ಅರ್ಥವನ್ನು ಬೆಳಗಬಲ್ಲುದು, ಇಲ್ಲದ ಅರ್ಥವನ್ನು ಹುಟ್ಟಿಸಲಾರದು.

೬

ಈಗ ನನ್ನ ಶಿಷ್ಯನು ಬಿಟ್ಟ ಸಾಲಿನ ವಿಚಾರಕ್ಕೆ ಬರುತ್ತೇನೆ. ಇದಕ್ಕೆ ತಕ್ಕ ನಿದರ್ಶನವು ೧೯೯೦ರ ದಶಕದ ಆದಿಯಲ್ಲಿ ಮೆಲನಿ ಮಿಚೆಲ್, ಸ್ಟೆಫನಿ ಫಾರೆಸ್ಟ್ ಎಂಬ ಇಬ್ಬರು ವಿದುಷಿಯರೂ ಹಾಲಂಡ್ ಅವರೂ ಸೇರಿ ನಡೆಸಿದ ‘ರಾಜಮಾರ್ಗ’ ಪ್ರಯೋಗವು. ಒಳ್ಳೆಯ ಭಾಗಗಳು ಕೂಡಿ ಒಳ್ಳೆಯ ಪೂರ್ಣವಾಗುವುದೆಂಬ ಹಾಲಂಡ್ ಅವರ ಸಿದ್ಧಾಂತಕ್ಕೆ ಅತ್ಯಂತ ಅನುಕೂಲವಾದ ಸಮಸ್ಯೆಯನ್ನೇ ಅವರು ಬೇಕೆಂದು ರಚಿಸಿದರು. ೬೪ ಅಂಕಿಗಳ ಸರವು. ಅದರಲ್ಲಿ ಎಂಟೆಂಟು ಅಂಕಿಗಳ ಎಂಟು ಭಾಗಗಳು. ಒಂದು ಭಾಗದ ಎಂಟು ಅಂಕಿಗಳೂ ಒಂದುಗಳೇ ಆದರೆ ಎಂಟು ಗುಣಗಳು, ಒಂದು ಅಂಕಿ ತಪ್ಪಿದರೂ ಆ ಭಾಗಕ್ಕೆ ಸೊನ್ನೆ. ಎಲ್ಲವೂ ಒಂದುಗಳಾದ ಸರವೇ ಗುರಿಯು. ಸಂಕರವಿಧಿಯು ಈ ದಾರಿಯಲ್ಲಿ ರಾಜಗಂಭೀರವಾಗಿ ನಡೆಯಬೇಕೆಂಬ ನಿರೀಕ್ಷೆಯಿಂದಲೇ ಆ ಹೆಸರು ಬಂದಿತು.

ಸಂಕರವಿಧಿಗೆ ೧೨೮ ವ್ಯಕ್ತಿಗಳ ಸಮುದಾಯವನ್ನು ಕೊಟ್ಟರು. ಎದುರಿಗೆ ‘ಗುಡ್ಡವನ್ನು ಹತ್ತುವ’ ಮೂರು ಸರಳವಿಧಿಗಳನ್ನಿಟ್ಟರು. ಇವುಗಳಲ್ಲಿ ಸಮುದಾಯವಿಲ್ಲ, ಸಂಕರವಿಲ್ಲ, ಒಂದೇ ಸರವು. ಮೊದಲಿನ ಎರಡು ವಿಧಿಗಳು ಗುಣವು ಏರಿದರೆ ಮಾತ್ರ ಹೆಜ್ಜೆಯಿಡುತ್ತವೆ. ಏರುವ ದಾರಿ ಕಾಣದಿದ್ದರೆ ಹೊಸದಾಗಿ ಪ್ರಾರಂಭಿಸುತ್ತವೆ. ಮೂರನೆಯದು ಒಂದು ಅಂಕಿಯನ್ನು ಯಾದೃಚ್ಛಿಕವಾಗಿ ತಿರುಗಿಸಿ, ಗುಣವು ಕಡಮೆಯಾಗದಿದ್ದರೆ ಸಾಕೆಂದು ಒಪ್ಪಿಕೊಳ್ಳುತ್ತದೆ. ೨೦೦ ಓಟಗಳ ಸರಾಸರಿಯು ಹೀಗಿದ್ದಿತು. ಮೊದಲಿನ ಎರಡು ಸರಳವಿಧಿಗಳು ೨,೫೬,೦೦೦ ಪರೀಕ್ಷಣಗಳಾದರೂ ಗುರಿಯನ್ನು ಮುಟ್ಟಲಿಲ್ಲ. ಸಂಕರವಿಧಿಯು ೬೧,೩೩೪ ಪರೀಕ್ಷಣಗಳಲ್ಲಿ ಮುಟ್ಟಿತು. ಮೂರನೆಯ ಸರಳವಿಧಿಯಾದರೋ ೬,೧೭೯ರಲ್ಲಿಯೇ ಮುಟ್ಟಿತು; ಎಂದರೆ ಹತ್ತನೆಯ ಒಂದು ಪಾಲು ಶ್ರಮದಲ್ಲಿ.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಗ್ರಂಥಕರ್ತರು ಮೊದಲಿನ ಎರಡನ್ನು ಮಾತ್ರ ಎದುರಿಗಿಟ್ಟಿದ್ದರೆ, ಅಥವಾ ಮೂರನೆಯ ಸಾಲನ್ನು ಕೋಷ್ಟಕದಿಂದ ಬಿಟ್ಟಿದ್ದರೆ, ಸಂಕರವಿಧಿಯ ದಿಗ್ವಿಜಯವೆಂದೇ ಲೋಕವು ತಿಳಿಯುತ್ತಿದ್ದಿತು. ಅಂಕಿಗಳಲ್ಲಿ ಒಂದೂ ಸುಳ್ಳಾಗಿರುತ್ತಿರಲಿಲ್ಲ. ನಿರ್ಣಯವು ಮಾತ್ರ ಸಂಪೂರ್ಣವಾಗಿ ಸುಳ್ಳಾಗಿರುತ್ತಿದ್ದಿತು. ಸಿದ್ಧಾಂತಕಾರರೇ ಸಹಕರ್ತರಾಗಿದ್ದ ಕೃತಿಯಲ್ಲಿ, ಆ ಸಿದ್ಧಾಂತಕ್ಕಾಗಿಯೇ ಕಟ್ಟಿದ ದಾರಿಯಲ್ಲಿ, ಅದು ಸೋತ ಸಾಲನ್ನು ಮರೆಮಾಡದೆ ಮುದ್ರಿಸಿದರು.

ಅಷ್ಟಕ್ಕೇ ನಿಲ್ಲದೆ ಏಕೆ ಸೋತಿತೆಂದು ಹುಡುಕಿದರು. ಸಮುದಾಯದಲ್ಲಿ ಯಾವುದೋ ಒಂದು ಸರಕ್ಕೆ ಒಂದು ಒಳ್ಳೆಯ ಭಾಗವು ಮೊದಲು ದೊರೆತರೆ, ಆ ಸರದ ಸಂತಾನವು ಬೇಗನೆ ಎಲ್ಲೆಡೆಯೂ ತುಂಬಿಕೊಳ್ಳುವುದು. ಆಗ ಆ ಒಳ್ಳೆಯ ಭಾಗದೊಡನೆ ಪಕ್ಕದಲ್ಲಿದ್ದ ಕೆಟ್ಟ ಅಂಕಿಗಳೂ ಎಲ್ಲೆಡೆಯೂ ಹರಡುವುವು. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋದಂತೆ. ಆ ಸ್ಥಾನಗಳಲ್ಲಿದ್ದ ವೈವಿಧ್ಯವು ನಷ್ಟವಾಗಿ, ಉಳಿದ ಭಾಗಗಳನ್ನು ಕಂಡುಹಿಡಿಯುವುದು ನಿಧಾನವಾಗುವುದು. ಹೀಗೆ ಕಾರಣವು ತಿಳಿದ ಮೇಲೆ, ಈ ನಾರಿನ ದೋಷವಿಲ್ಲದ ಆದರ್ಶರೂಪದ ಸಂಕರವಿಧಿಯೊಂದನ್ನು ಗಣಿತದಲ್ಲಿ ಕಲ್ಪಿಸಿ, ಅಂತಹುದು ಆ ಸರಳವಿಧಿಯನ್ನು ಸುಮಾರು ಭಾಗಗಳ ಸಂಖ್ಯೆಯಷ್ಟು ಪಟ್ಟು ಮೀರಿಸಬಲ್ಲುದೆಂದು ತೋರಿಸಿದರು. ಸಂಕರವು ಯಾವಾಗ ಗೆಲ್ಲುವುದೆಂಬುದಕ್ಕೆ ನಿಯಮವು ಹೀಗೆ ಹುಟ್ಟಿತು. ಅದನ್ನು ಹುಟ್ಟಿಸಿದುದು ಸೋತ ಸಾಲು. ಗೆದ್ದ ಸಾಲುಗಳಲ್ಲಿ ಆ ಶಕ್ತಿಯಿರಲಿಲ್ಲ.

೭

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಯಂತ್ರಶಿಲ್ಪಿಯು ಹೇಳುವನು: “ಕಾರಣವಿಚಾರದಿಂದ ನಮಗೇನು ಪ್ರಯೋಜನವು? ಕೆಲಸವಾದರೆ ಸಾಕು. ೨೦೦೬ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಹಾರಿಸಿದ ಮೂರು ಚಿಕ್ಕ ಉಪಗ್ರಹಗಳಲ್ಲಿ ವಿಕಾಸಾತ್ಮಕವಿಧಿಯಿಂದ ರೂಪುಗೊಂಡ ತಂತುಗ್ರಾಹಕಗಳಿದ್ದವು. ಮುರಿದ ತಂತಿಯಂತೆ ವಕ್ರವಾಗಿ ಕಾಣುವ ಅವು ಆಕಾಶದಲ್ಲಿ ಕೆಲಸ ಮಾಡಿದವು. ಇದಕ್ಕಿಂತ ಪ್ರಮಾಣವು ಬೇಕೇ?”

ಇದಕ್ಕೆ ಸಮಾಧಾನವು ಹೀಗೆ. ಒಂದು ವಸ್ತುವನ್ನು ಒಂದು ಸಲ ರಚಿಸುವುದೇ ಪ್ರಯೋಜನವಾದರೆ, ನೂರು ಓಟಗಳಲ್ಲಿ ಒಂದು ಸಫಲವಾದರೂ ಸಾಕು. ವಸ್ತುವನ್ನು ಬೇರೆಯಾಗಿ ಅಳೆದು ನೋಡಬಹುದು, ಹಾಗೆಯೇ ನೋಡಲಾಯಿತು. ಘುಣಾಕ್ಷರವಾದರೂ ಅಕ್ಷರವು ಅಕ್ಷರವೇ. ಆದರೆ ಅದರಿಂದ ಸಿದ್ಧವಾಗುವುದು ಆ ತಂತುಗ್ರಾಹಕದ ಗುಣವೇ ಹೊರತು ವಿಧಿಯ ಸಾಮಾನ್ಯಶ್ರೇಷ್ಠತೆಯಲ್ಲ. ನಿತ್ಯವೂ ಹೊಸ ಹೊಸ ಸಮಸ್ಯೆಗಳನ್ನು ಬಿಡಿಸಬೇಕಾದವನಿಗೆ, ಯಾವ ವಿಧಿಯು ಎಲ್ಲಿ ಏಕೆ ಕೈಕೊಡುವುದೆಂಬುದು ತಿಳಿದೇ ಇರಬೇಕು. ಕೋಷ್ಟಕದ ಗೆಲುವು ಇದನ್ನು ಹೇಳಲಾರದು.

ಜಾನ್ ಹೂಕರ್ ಎಂಬವರು ೧೯೯೫ರಲ್ಲಿಯೇ ಸ್ಪರ್ಧೆಗಾಗಿ ಮಾಡುವ ಪರೀಕ್ಷೆಯನ್ನೂ ವಿಜ್ಞಾನಕ್ಕಾಗಿ ಮಾಡುವ ಪರೀಕ್ಷೆಯನ್ನೂ ಬೇರ್ಪಡಿಸಿ, ಮೊದಲನೆಯದರಿಂದ ಯಾವುದು ವೇಗವಾದುದೆಂದು ತಿಳಿದರೂ ಏಕೆಂದು ತಿಳಿಯದೆಂದು ವಾದಿಸಿದರು. ಇದನ್ನು ಓದಿದಾಗ ನ್ಯಾಯಶಾಸ್ತ್ರದ ಕಥಾಭೇದವು ನೆನಪಿಗೆ ಬಾರದಿರದು. ಗೌತಮರು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಭಾಗಿಸಿದರು. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದವು. ವಿಜಯಕ್ಕಾಗಿ ನಡೆಯುವುದು ಜಲ್ಪವು. ಸ್ವಪಕ್ಷವನ್ನೇ ಸ್ಥಾಪಿಸದೆ ಪರಪಕ್ಷವನ್ನು ಕೆಡಹುವುದು ವಿತಂಡೆಯು. ಹಕ್ಕಿಯ ಹೆಸರಿನ ಕೋಷ್ಟಕಗಳು ಜಲ್ಪವು. ರಾಜಮಾರ್ಗ ಪ್ರಯೋಗವು ವಾದವು. ಎರಡರಲ್ಲಿಯೂ ಅಂಕಿಗಳು ಸತ್ಯವಾಗಿರಬಹುದು. ಆದರೆ ವಾದದಲ್ಲಿ ಮಾತ್ರ ಸೋಲಿಗೂ ಬೆಲೆಯುಂಟು. ಈ ಲೇಖನವು ವಿತಂಡೆಯಾಗದಂತೆ ನನ್ನ ಪಕ್ಷವನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಪ್ರಯೋಗವನ್ನು ಮಾಡುವ ಮೊದಲೇ, ಎಂತಹ ಫಲವು ಬಂದರೆ ತನ್ನ ಮಾತು ಸುಳ್ಳಾಗುವುದೆಂದು ಹೇಳಬಲ್ಲವನ ಪ್ರಯೋಗವು ಪ್ರಮಾಣವು, ಹೇಳಲಾರದವನದು ಬರಿಯ ಉದಾಹರಣೆಯು.

ಶಿಷ್ಯನಿಗೆ ಇಷ್ಟನ್ನೂ ಹೇಳಿದೆನು. ಆ ಸಾಲನ್ನು ಸೇರಿಸಿದರೆ ಪ್ರಬಂಧವನ್ನು ಒಪ್ಪುವರೋ ಇಲ್ಲವೋ ಎಂಬ ಭಯವು ಅವನಿಗಿದ್ದಿತು. ಅದು ನ್ಯಾಯವಾದ ಭಯವೇ, ಪದವಿಯೂ ಜೀವನವೂ ಅದನ್ನು ಅವಲಂಬಿಸಿವೆ. ಆ ಭಯವನ್ನು ಹೋಗಲಾಡಿಸುವ ಶಕ್ತಿಯು ನನ್ನಲ್ಲಿರಲಿಲ್ಲ. ಅಮರಕೋಶದ ಬಾಲಕರ ಕಥೆಯನ್ನು ಮಾತ್ರ ಹೇಳಿ, ಬರೆದುಕೊಟ್ಟ ಆ ಯೋಗ್ಯತಾಪತ್ರಗಳನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲವೆಂಬುದನ್ನೂ ಅದು ಇಂದಿಗೂ ನನ್ನ ಮನಸ್ಸನ್ನು ಕಲಕುವುದೆಂಬುದನ್ನೂ ತಿಳಿಸಿದೆನು. ಕೆಲವು ವಾರಗಳ ಮೇಲೆ ಅವನು ಮತ್ತೆ ಬಂದನು. ಸಾಲು ಕೋಷ್ಟಕದಲ್ಲಿ ಸೇರಿದ್ದಿತು; ಹಕ್ಕಿಯ ಹೆಸರು ಹೋಗಿದ್ದಿತು; ಸೋತುದಕ್ಕೆ ಕಾರಣವನ್ನು ಹುಡುಕುವ ಎರಡು ಪುಟಗಳು ಹೊಸದಾಗಿ ಸೇರಿದ್ದವು. ಆ ಎರಡು ಪುಟಗಳು ಮಾತ್ರ ನನಗೂ ಅರ್ಥವಾದವು.

ಈ ವಿಚಾರದಲ್ಲಿ ಶಾಸ್ತ್ರಜ್ಞರಿಗೆ ನನ್ನ ಅಜ್ಞಾನದಿಂದಾದ ತಪ್ಪುಗಳು ಕಂಡರೆ ತಿದ್ದಿ ಉಪಕರಿಸಬೇಕೆಂದು ಪ್ರಾರ್ಥಿಸುತ್ತೇನೆ.